ಭತ್ತದ ಒರಳಿನಲ್ಲಿ ಥಾಯ್ ಹಸಿರು ಮಸಾಲೆ: ನನ್ನ ಅನುಭವ

ಥಾಯ್ ಹಸಿರು ಕರಿ, ಅಂದರೆ ಹಸಿರು ಮಸಾಲೆ ಕುಟ್ಟಿ ಕಾಯಿಹಾಲಿನಲ್ಲಿ ಮಾಡುವ ಥಾಯ್ಲೆಂಡಿನ ಪದಾರ್ಥ, ಕೊನೆಗೂ ಕೈಗೆ ಹತ್ತಿತು. ಶಿರಸಿ ಹತ್ತಿರದ ನಮ್ಮ ಹೋಮ್‌ಸ್ಟೇಯಲ್ಲಿ ಈಗ ಮೂವತ್ತು ಜನರ ತಂಡಕ್ಕೂ ಅದನ್ನು ಧೈರ್ಯವಾಗಿ ಬಡಿಸುತ್ತೇನೆ. ಮೀನಿಲ್ಲ, ಸಿಗಡಿಯಿಲ್ಲ, ಡಬ್ಬಿ ಪೇಸ್ಟ್ ಇಲ್ಲ, ಪ್ಯಾಕೆಟ್ ಕಾಯಿಹಾಲೂ ಇಲ್ಲ. ಬ್ಯಾಂಕಾಕ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದ ಅತಿಥಿಯೊಬ್ಬರು ಎರಡನೇ ಸಲ ಅನ್ನ ಹಾಕಿಸಿಕೊಂಡು, ಪೇಸ್ಟ್ ಎಲ್ಲಿಂದ ತರಿಸುತ್ತೀರಿ ಅಂತ ಕೇಳಿದರು. ಕರೆದುಕೊಂಡು ಹೋಗಿ ಒರಳು ತೋರಿಸಿದೆ.

ಹೋಮ್‌ಸ್ಟೇ ನಡೆಸುವ ಗೆಳೆಯರು ಕೇಳುತ್ತಲೇ ಇದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ. ಕಾಯಿ ಹೆರೆಯುವುದು, ಹಾಲು ಹಿಂಡುವುದು, ಮಸಾಲೆ ತಳ ಹಿಡಿಯದಂತೆ ಕೈಯಾಡಿಸುವುದು ನಿಮಗೆಲ್ಲ ಗೊತ್ತಿದ್ದದ್ದೇ. ಅದನ್ನು ಮತ್ತೆ ಹೇಳುವುದಿಲ್ಲ.

ಇದನ್ನು ಕಲಿಯಲು ಥಾಯ್ಲೆಂಡಿಗೆ ಹೊರಡುವಾಗ ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. "ಕಾಯಿಹಾಲು ಹಿಂಡದು ಕಲಿಯಲೆ ವಿಮಾನ ಹತ್ತಿ ಹೋಪದಾ? ನಿಂಗೆ ಮಳ್ಳಾ?" ಅಂದರು ಭಾವ. ನಮ್ಮ ಕಡೆ ಮದುವೆ, ಉಪನಯನಕ್ಕೆ ಅಡುಗೆ ಮಾಡುವ ಭಟ್ಟರಂತೂ, ಅಲ್ಲಿ ಮೀನು ಹಾಕದ ಪದಾರ್ಥವೇ ಇಲ್ಲ, ಹಸಿದುಕೊಂಡು ವಾಪಸ್ ಬರುತ್ತೀಯ ಅಂದರು. ನನ್ನ ಲೆಕ್ಕ ಬೇರೆ ಇತ್ತು. ನಮ್ಮಲ್ಲಿಗೆ ಬಂದವರು ಎರಡು ರಾತ್ರಿ ಉಳಿಯುತ್ತಾರೆ. ಮೊದಲ ದಿನ ತಂಬುಳಿ, ಅಪ್ಪೆಹುಳಿ, ತೊಡೆದೇವು ಎಲ್ಲ ಖುಷಿಯಿಂದ ಉಣ್ಣುತ್ತಾರೆ. ಎರಡನೇ ರಾತ್ರಿ ಬೇರೆ ಏನಾದರೂ ಇದೆಯಾ ಅಂತ ಶುರು. ಎಲ್ಲ ಕಡೆ ಸಿಗುವ ಗೋಬಿ ಮಂಚೂರಿ ಮಾಡಿ ಮಾಡಿ ನನಗೇ ಬೇಸರ ಬಂದಿತ್ತು. ಹಸಿರು ಕರಿಯ ಸಾಮಾನಿನ ಪಟ್ಟಿ ಓದಿದಾಗ ಅರ್ಧಕ್ಕರ್ಧ ನಮ್ಮ ಹಿತ್ತಲಿನದೇ ಅನಿಸಿತು. ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್), ಸೂಜಿ ಮೆಣಸು, ಕಾಯಿ, ಬೋಳುಕಾಳು (ಕಾಳುಮೆಣಸು), ಕೊತ್ತಂಬರಿ. ಮಳೆ, ಸೆಖೆ ಎರಡೂ ನಮ್ಮ ಹಾಗೇ ಇರುವ ಊರಿನ ಅಡುಗೆ ಅದು. ನಮ್ಮ ಮಣ್ಣಿನಲ್ಲಿ ಆಗದೆ ಎಲ್ಲಿ ಆಗಬೇಕು?

ಖರ್ಚಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಹೋಗಿ ಬರಲು 20 ಸಾವಿರದ ಆಸುಪಾಸು. ಅಲ್ಲಿಂದ ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ರಾತ್ರಿ ರೈಲು. ಸುಮಾರು 750 ಕಿಲೋಮೀಟರ್ ದಾರಿ, ಮಲಗುವ ಸೀಟಿಗೆ ಎರಡೂವರೆ ಸಾವಿರ ರೂಪಾಯಿ ಹತ್ತಿರ. 2023ರ ನವೆಂಬರ್‌ನಿಂದ ನಮ್ಮವರನ್ನು ವೀಸಾ ಇಲ್ಲದೆ ಬಿಡಲು ಶುರುಮಾಡಿದ್ದರಿಂದ ಆ ಹಣ ಉಳಿಯಿತು. ಉಳಿಯಲು ದಿನಕ್ಕೆ ಸಾವಿರದೊಳಗಿನ ರೂಮು ಸಾಕಾಯಿತು. ಅಡುಗೆ ಕ್ಲಾಸುಗಳ ಫೀಸೂ ಸೇರಿ ಒಟ್ಟು 60 ಸಾವಿರ ದಾಟಿರಬೇಕು.

ಮೊದಲ ಕ್ಲಾಸು ಪೇಟೆಯ ನಡುವೆಯೇ ಇತ್ತು. ಅರ್ಧ ದಿನಕ್ಕೆ 1,000 ಬಾತ್, ನಮ್ಮ ಲೆಕ್ಕದಲ್ಲಿ 2,500 ರೂಪಾಯಿ ಅನ್ನಿ. ಹತ್ತು ಹನ್ನೆರಡು ಜನ, ಒಬ್ಬೊಬ್ಬರಿಗೆ ಒಂದೊಂದು ಒಲೆ. ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕಿಸಿದರು. ಬಂದು ನೋಡಿದರೆ ಎಲ್ಲ ಹೆಚ್ಚಿ ಬಟ್ಟಲಲ್ಲಿ ಇಟ್ಟಾಗಿದೆ. ಪೇಸ್ಟ್ ಉಂಡೆ ಕಟ್ಟಿ ತಯಾರಿದೆ. ಒರಳಲ್ಲಿ ಎರಡು ನಿಮಿಷ ಕುಟ್ಟಿಸಿದರು, ಎಲ್ಲರೂ ಫೋಟೋ ತೆಗೆದುಕೊಂಡರು, ಆಯ್ತು. ನಾಲ್ಕು ತಾಸಿನಲ್ಲಿ ಐದು ಪದಾರ್ಥ. ಅದರಲ್ಲಿ ಕಲಿಯುವುದೆಂತ? ಬಟ್ಟಲಲ್ಲಿದ್ದದ್ದನ್ನು ಬಾಣಲೆಗೆ ಸುರಿಯುವುದು ಅಷ್ಟೇ.

ಅದಕ್ಕಿಂತ ಸಿಟ್ಟು ಬಂದದ್ದು ಇನ್ನೊಂದಕ್ಕೆ. ನಾನು ಸಸ್ಯಾಹಾರಿ ಅಂತ ಮೊದಲೇ ಹೇಳಿದ್ದೆ, ಅವರೂ ಒಪ್ಪಿದ್ದರು. ಆದರೆ ಆ ಉಂಡೆ ಪೇಸ್ಟನ್ನು ಮೂಗಿನ ಹತ್ತಿರ ತಂದರೆ ಕಾರವಾರದ ಒಣಮೀನು ಸಾಲಿನ ವಾಸನೆ! ಕೇಳಿದರೆ, ಸ್ವಲ್ಪವೇ ಸ್ವಲ್ಪ ಸಿಗಡಿ ಪೇಸ್ಟ್ ಇದೆ ಅಂದರು. ನಾನು ಉಣ್ಣಲಿಲ್ಲ. ಸಸ್ಯಾಹಾರಿಗಳು ಇದನ್ನು ನೆನಪಿಡಿ. ಮೀನಿನ ಸಾಸ್ ಬೇಡ ಅಂದರೆ ಸಾಲದು. ಸಿಗಡಿ ಕೊಳೆಸಿ ಮಾಡುವ ಕಪಿ ಅನ್ನುವುದು ಪೇಸ್ಟಿನ ಒಳಗೇ ಇರುತ್ತದೆ. ಪೇಸ್ಟ್ ಯಾವಾಗ, ಯಾರು, ಏನೇನು ಹಾಕಿ ಕುಟ್ಟಿದ್ದು ಅಂತ ಕೇಳಿ. ಹೊರಗೆ ಊಟಕ್ಕೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ. ಜೇ ಅನ್ನುವ ಕಟ್ಟುನಿಟ್ಟಿನ ಸಸ್ಯಾಹಾರ ಅದು. ಮೊಟ್ಟೆ, ಹಾಲು ಬಿಡಿ, ಬೆಳ್ಳುಳ್ಳಿ ಈರುಳ್ಳಿಯನ್ನೂ ಹಾಕುವುದಿಲ್ಲ. ನಮ್ಮ ಅಮ್ಮ ಬಂದಿದ್ದರೂ ನಿಶ್ಚಿಂತೆಯಿಂದ ಉಣ್ಣಬಹುದಿತ್ತು.

ಆಮೇಲೆ ನಾನು ಉಳಿದಿದ್ದ ರೂಮಿನ ಯಜಮಾನರ ಮೂಲಕ ಊರ ಹೊರಗಿನ ಒಂದು ಮನೆ ಸಿಕ್ಕಿತು. ಅರ್ಧ ತಾಸಿನ ದಾರಿ. ವಯಸ್ಸಾದ ಅಮ್ಮ ಒಬ್ಬರು ಮನೆಯ ಅಂಗಳದಲ್ಲೇ ಕಲಿಸುತ್ತಾರೆ. ನನ್ನದು ಒಂದೇ ಬೇಡಿಕೆ: ಐದು ಪದಾರ್ಥ ಬೇಡ, ಒಂದೇ ಸಾಕು. ಮಸಾಲೆ ಕುಟ್ಟುವುದು, ಕಾಯಿಹಾಲು ಒಡೆಯುವುದು. ಸರಿ ಬರುವ ತನಕ ದಿನಾ ಬರುತ್ತೇನೆ, ದಿನಾ ಅದನ್ನೇ ಮಾಡೋಣ. ದಿನಕ್ಕೆ 1,500 ಬಾತ್ ಕೊಟ್ಟೆ. ದುಬಾರಿ ಅಂತ ಈಗಲೂ ಜನ ಹೇಳುತ್ತಾರೆ. ಆದರೆ ಆ ಪ್ರವಾಸದಲ್ಲಿ ಖರ್ಚು ಮಾಡಿದ್ದರಲ್ಲಿ ಪೂರ್ತಿ ವಸೂಲಾದ ಹಣ ಅದೊಂದೇ. ಹಸಿರು ಕರಿ ಮಧ್ಯ ಥಾಯ್ಲೆಂಡಿನ ಅಡುಗೆ. ಉತ್ತರದ ಮನೆಗಳಲ್ಲಿ ಕಾಯಿಹಾಲಿನ ಬಳಕೆ ಕಡಿಮೆ. ಆ ಅಮ್ಮ ಬ್ಯಾಂಕಾಕ್ ಕಡೆಯಿಂದ ಮದುವೆಯಾಗಿ ಬಂದವರು, ನನಗೆ ಅನುಕೂಲವಾಯಿತು.

ನಾನು ಜೊತೆಗೆ ಒಯ್ದದ್ದು ಅಂಗೈಯಷ್ಟಗಲದ ಡಿಜಿಟಲ್ ತಕ್ಕಡಿ, ನಾನೂರು ರೂಪಾಯಿಯದ್ದು. ಅವರು ಎಲ್ಲವನ್ನೂ ಕೈಯಂದಾಜಿನಲ್ಲಿ ಹಾಕುವವರು. ಒರಳಿಗೆ ಬೀಳುವ ಮೊದಲೇ ಅವರ ಕೈಯಿಂದ ತೆಗೆದುಕೊಂಡು ತೂಗಿ, ಬರೆದು, ವಾಪಸ್ ಕೊಡುತ್ತಿದ್ದೆ. ಮೊದಮೊದಲು ಅವರಿಗೆ ರಗಳೆ ಅನಿಸಿತು. ಆಮೇಲೆ ಅವರೇ ತಕ್ಕಡಿಯನ್ನು ಹತ್ತಿರ ಎಳೆದುಕೊಳ್ಳತೊಡಗಿದರು. ಯಾವ ದೇಶದಲ್ಲಿ ಅಡುಗೆ ಕಲಿಯಲು ಹೋದರೂ ತಕ್ಕಡಿ ಒಯ್ಯಿರಿ. ಕ್ಲಾಸಿನವರು ಕೊಡುವ ಪುಸ್ತಕದ ಅಳತೆಗೂ ಕೈಯ ಅಳತೆಗೂ ಸಂಬಂಧವೇ ಇರುವುದಿಲ್ಲ.

ಕುಟ್ಟುವ ಕ್ರಮ ಹೀಗೆ. ಕೊತ್ತಂಬರಿ ಬೀಜ, ಜೀರಿಗೆ, ಬೋಳುಕಾಳು ಮೂರನ್ನೂ ಬೆಚ್ಚಗೆ ಹುರಿದು ಮೊದಲು ಪುಡಿ ಮಾಡಿ ತೆಗೆದಿಡಬೇಕು. ಆಮೇಲೆ ಕಲ್ಲುಪ್ಪಿನ ಜೊತೆ ಗಟ್ಟಿ ಸಾಮಾನು: ಮಜ್ಜಿಗೆ ಹುಲ್ಲಿನ ಬುಡ, ಶುಂಠಿ ಜಾತಿಯ ದುಂಪರಾಸ್ಮೆ ಗಡ್ಡೆ (ಗಲಂಗಲ್), ಗಂಟುಗಂಟು ಸಿಪ್ಪೆಯ ಥಾಯ್ ನಿಂಬೆಯ (ಕಾಫಿರ್ ಲೈಮ್) ಹಸಿರು ಸಿಪ್ಪೆ. ಹುಲ್ಲಿನ ಬುಡವನ್ನು ಅಡ್ಡಕ್ಕೆ, ಕಾಗದದಷ್ಟು ತೆಳ್ಳಗೆ ಹೆಚ್ಚಿರಬೇಕು. ಉದ್ದಕ್ಕೆ ಸೀಳಿದರೆ ಎಷ್ಟು ಕುಟ್ಟಿದರೂ ನಾರು ಹೋಗುವುದಿಲ್ಲ. ಉಪ್ಪು ರುಚಿಗೆ ಮಾತ್ರ ಅಲ್ಲ, ಅದು ಒರಳೊಳಗೆ ಮರಳಿನ ಹಾಗೆ ಉಜ್ಜುತ್ತದೆ. ಆಮೇಲೆ ಕೊತ್ತಂಬರಿ ಬೇರು, ಅದಾದ ಮೇಲೆ ಮೆಣಸು. ನೀರು ಬಿಡುವ ಬೆಳ್ಳುಳ್ಳಿ, ಸಣ್ಣ ಈರುಳ್ಳಿ ಎಲ್ಲಕ್ಕಿಂತ ಕೊನೆಗೆ.

ಪೆಟ್ಟು ಒರಳಿನ ನಡುವೆ ಬೀಳಬಾರದು. ಬದಿಯ ಇಳಿಜಾರಿಗೆ ಬೀಳಬೇಕು. ಆಗ ಸಾಮಾನು ಜಾರಿ ಕೆಳಗೆ ಬರುತ್ತದೆ, ಮುಂದಿನ ಪೆಟ್ಟಿಗೆ ತಾನಾಗಿ ಸಿಗುತ್ತದೆ. ಎಡಗೈ ಬಾಯಿಗೆ ಅಡ್ಡ, ಇಲ್ಲದಿದ್ದರೆ ಮೆಣಸು ಕಣ್ಣಿಗೆ. ಆ ಅಮ್ಮ ಆಗಾಗ ಒಂದು ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜುತ್ತಿದ್ದರು. ಬೆರಳಿಗೆ ಒಂದೇ ಒಂದು ಎಳೆ ಸಿಕ್ಕರೂ ಒನಕೆ ಮತ್ತೆ ನನ್ನ ಕೈಗೆ. ನಾಲ್ಕು ಜನರ ಮಸಾಲೆಗೆ ಅರ್ಧ ತಾಸಿಗೂ ಜಾಸ್ತಿ ಹಿಡಿಯುತ್ತಿತ್ತು. ಶುರುವಿಗೆ ರಪರಪ ಅನ್ನುವ ಶಬ್ದ ಕೊನೆಗೆ ಪಚಪಚ ಆಗುತ್ತದೆ. ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆ. ಮನೆಗೆ ಬಂದ ಮೇಲೆ ಬರೆದ ಪುಸ್ತಕಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂತು.

ಸಿಗಡಿ ಪೇಸ್ಟಿನ ಜಾಗಕ್ಕೆ ಅವರು ಹಾಕಿದ್ದು ಥುವಾ ನಾವ್. ಸೋಯಾ ಕಾಳನ್ನು ಬೇಯಿಸಿ, ಹುಳಿಬರಿಸಿ, ಅರೆದು, ಹಪ್ಪಳದ ಹಾಗೆ ತಟ್ಟಿ ಒಣಗಿಸಿದ್ದು. ಆ ಕಡೆಯ ಮಾರ್ಕೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ. ಕೆಂಡದ ಮೇಲೆ ಸುಟ್ಟು ಪುಡಿ ಮಾಡಿ ಹಾಕುತ್ತಾರೆ. ವಾಸನೆ ಜೋರು, ಆದರೆ ಪದಾರ್ಥಕ್ಕೆ ಒಂದು ತೂಕ ಕೊಡುತ್ತದೆ.

ಇನ್ನು ಕಾಯಿಹಾಲು. ನಾವು ಸಾಮಾನ್ಯವಾಗಿ ದಪ್ಪ ಹಾಲನ್ನು ಕೊನೆಗೆ ಹಾಕಿ, ಒಡೆಯದಂತೆ ಒಲೆಯಿಂದ ಇಳಿಸುತ್ತೇವೆ, ಅಲ್ವಾ? ಇಲ್ಲಿ ಪೂರ್ತಿ ಉಲ್ಟಾ. ದಪ್ಪ ಹಾಲೇ ಮೊದಲು ಬಾಣಲೆಗೆ. ಒಂದು ಹನಿ ಎಣ್ಣೆ ಹಾಕುವ ಹಾಗಿಲ್ಲ. ಸಣ್ಣ ಉರಿ. ಮೊದಲು ದೊಡ್ಡ ದೊಡ್ಡ ಗುಳ್ಳೆ ಬರುತ್ತದೆ, ಆಮೇಲೆ ಗಟ್ಟಿಯಾಗುತ್ತ ಗುಳ್ಳೆ ಸಣ್ಣದಾಗುತ್ತದೆ. ಕುದಿಯುವ ಶಬ್ದ ಹೋಗಿ ಹುರಿಯುವ ಶಬ್ದ ಶುರುವಾದಾಗ ಅಂಚಿನಲ್ಲಿ ಎಣ್ಣೆಯ ಸಣ್ಣ ಮಣಿಗಳು ಕಾಣುತ್ತವೆ. ಮಸಾಲೆ ಬೀಳಬೇಕಾದ್ದು ಆಗ. ಹಾಲಿನ ಎಣ್ಣೆಯಲ್ಲೇ ಮಸಾಲೆ ಹುರಿದು, ಎಣ್ಣೆ ಹಸಿರಾಗಿ ಮೇಲೆ ಬಂದ ನಂತರ ತೆಳು ಹಾಲು, ತರಕಾರಿ. ನಮ್ಮ ಅಜ್ಜಿಯಂದಿರು ಕೂಸಿನ ಮೈಗೆ ಹಚ್ಚಲು ಹಾಲು ಕಾಯಿಸಿ ಕಾಯೆಣ್ಣೆ ತೆಗೆಯುತ್ತಿದ್ದರಲ್ಲ, ಆ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿದರೆ ಇದು. ಉರಿ ಜಾಸ್ತಿಯಾದರೆ ತರಿತರಿಯಾಗಿ ಕೆಂಪಗಾಗುತ್ತದೆ. ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಊರಿಗೆ ಬಂದ ಮೇಲಿನ ಕಥೆಯೇ ದೊಡ್ಡದು. ಗಿಡ, ಗಡ್ಡೆ ಯಾವುದನ್ನೂ ಅಲ್ಲಿಂದ ತರಲಿಲ್ಲ. ಪರವಾನಗಿ ಇಲ್ಲದೆ ತರುವಂತಿಲ್ಲ, ತರಲೂಬಾರದು. ರೋಗ, ಹುಳ ಬಂದರೆ ನಮ್ಮ ತೋಟಕ್ಕೇ ತೊಂದರೆ. ಎಲ್ಲವನ್ನೂ ಇಲ್ಲೇ ಹುಡುಕಬೇಕಾಯಿತು.

ಪ್ಯಾಕೆಟ್ ಕಾಯಿಹಾಲು ಮೊದಲು ಕೈಕೊಟ್ಟಿತು. ಎಷ್ಟು ಹೊತ್ತು ಕಾಯಿಸಿದರೂ ಎಣ್ಣೆ ಬಿಡುವುದಿಲ್ಲ. ಒಡೆಯಬಾರದು ಅಂತಲೇ ಅದಕ್ಕೆ ಅಂಟಿನಂಥ ಪದಾರ್ಥ ಸೇರಿಸಿರುತ್ತಾರೆ. ಲೀಟರುಗಟ್ಟಲೆ ದನದ ಬಾನಿಗೆ ಹೋಯಿತು. ಮನೆಯ ಕಾಯಿಯಲ್ಲೂ ಎಳೆಯದು ನಡೆಯುವುದಿಲ್ಲ. ಚೆನ್ನಾಗಿ ಬಲಿತು, ಕೊಯ್ದು ಒಂದೆರಡು ತಿಂಗಳಾಗಿ, ಒಳಗೆ ನೀರು ಕಡಿಮೆಯಾದ ಕಾಯಿ ಬೇಕು. ಸ್ವಲ್ಪವೇ ಉಗುರುಬೆಚ್ಚಗಿನ ನೀರಲ್ಲಿ ಹಿಂಡಿ ಫ್ರಿಜ್ಜಿನಲ್ಲಿಟ್ಟರೆ ಕೆನೆ ಮೇಲೆ ನಿಲ್ಲುತ್ತದೆ. ಒಲೆಗೆ ಆ ಕೆನೆ ಮಾತ್ರ.

ಮಿಕ್ಸರ್ ಬಗ್ಗೆ ನನ್ನ ಮಾತು ಇಷ್ಟೇ: ಬೇಡ. ತಿರುಗಬೇಕಾದರೆ ನೀರು ಹಾಕಬೇಕು. ನೀರಿರುವ ಮಸಾಲೆ ಕಾಯಿಹಾಲಿನ ಎಣ್ಣೆಯಲ್ಲಿ ಹುರಿಯುವುದಿಲ್ಲ, ಬೇಯುತ್ತದೆ. ಹಸಿ ವಾಸನೆ ಕೊನೆಯ ತನಕ ಉಳಿಯುತ್ತದೆ. ನೀರಿನ ಬದಲು ಕಾಯಿಕೆನೆ ಹಾಕಿಯೂ ತಿರುಗಿಸಿದೆ. ಪರವಾಗಿಲ್ಲ ಅನ್ನಬಹುದು, ಆದರೆ ಹುಲ್ಲಿನ ನಾರು ಹಾಗೇ ಉಳಿಯಿತು. ದೋಸೆ ಹಿಟ್ಟು ರುಬ್ಬುವ ಗ್ರೈಂಡರಿನಲ್ಲೂ ಅದೇ ಹಣೆಬರಹ.

ದುಂಪರಾಸ್ಮೆ ಗ್ರಂದಿಗೆ (ಗಿಡಮೂಲಿಕೆ) ಅಂಗಡಿಯಲ್ಲಿ ಒಣಗಿದ್ದು ಸಿಗುತ್ತದೆ. ಕಷಾಯಕ್ಕೆ ಸರಿ, ಒರಳಿಗೆ ಸೌದೆಚಕ್ಕೆ. ನೆನೆಸಿದರೂ ಮೆತ್ತಗಾಗಲಿಲ್ಲ. ಶುಂಠಿ ಹಾಕಿದರೆ ಪದಾರ್ಥ ಶುಂಠಿ ತಂಬುಳಿ ಕಡೆಗೆ ತಿರುಗುತ್ತದೆ. ಕೊನೆಗೆ ನರ್ಸರಿಯಿಂದ ಹಸಿ ಗಿಡವನ್ನೇ ತಂದು ಬಚ್ಚಲ ನೀರು ಹೋಗುವ ಕಡೆ ನೆಟ್ಟೆ. ವರ್ಷದಲ್ಲಿ ಮೆಳೆಯಾಯಿತು. ಥಾಯ್ ನಿಂಬೆಯ ಗಿಡವನ್ನೂ ಬೆಂಗಳೂರಿನಿಂದ ತರಿಸಿದೆ, ನಾನೂರೋ ಐನೂರೋ ಕೊಟ್ಟ ನೆನಪು. ಅದು ಎಲೆ ಬಿಡುವ ತನಕ ನಮ್ಮ ಕಂಚಿಕಾಯಿ, ಹೇರಳೆ, ಮಾದಲ ಎಲ್ಲದರ ಸಿಪ್ಪೆ ಹೆರೆದು ನೋಡಿದೆ. ಮಾದಲಕ್ಕೆ ಪರಿಮಳ ಸಾಲದು, ಹೇರಳೆ ಕಹಿ. ಕಂಚಿ ಸಿಪ್ಪೆಯ ಮೇಲಿನ ಹಸಿರು ಮಾತ್ರ, ಬಿಳಿ ಭಾಗ ತಾಗದಂತೆ ಹೆರೆದರೆ ಚೆನ್ನಾಗಿ ಹೊಂದುತ್ತದೆ. ಈಗ ಗಿಡ ಇದ್ದರೂ ನಾನು ಎರಡನ್ನೂ ಬೆರೆಸುತ್ತೇನೆ.

ಈರುಳ್ಳಿಗೆ ಕುಮಟಾದ ಸಿಹಿ ಈರುಳ್ಳಿ ತಂದಿದ್ದೆ, ಹೆದ್ದಾರಿ ಬದಿಯಲ್ಲಿ ಜಡೆ ಕಟ್ಟಿ ಮಾರುತ್ತಾರಲ್ಲ, ಅದು. ಹಸಿಯಾಗಿ ತಿನ್ನಲು ಅದಕ್ಕೆ ಸಾಟಿ ಇಲ್ಲ. ಆದರೆ ಈ ಮಸಾಲೆಗೆ ಸಿಹಿ ಜಾಸ್ತಿ, ನೀರೂ ಜಾಸ್ತಿ. ಸಾಂಬಾರಿನ ಸಣ್ಣ ಈರುಳ್ಳಿಯೇ ಸರಿ. ಪುಕ್ಕಟೆ ಸಿಕ್ಕಿದ ಲಾಭ ಅಂದರೆ ಕೊತ್ತಂಬರಿ ಬೇರು. ಕಟ್ಟಿನ ಬುಡ ಕತ್ತರಿಸಿ ಎಸೆಯುತ್ತಿದ್ದೆವು, ಈಗ ತೊಳೆದು ಡಬ್ಬಿಯಲ್ಲಿಡುತ್ತೇನೆ. ಅಲ್ಲಿ ಕರಿಗೆ ಹಾಕುವ ಬಟಾಣಿಯಷ್ಟು ಸಣ್ಣ ಬದನೆ ಬೇರೆ ಯಾವುದೂ ಅಲ್ಲ, ನಮ್ಮ ಬೇಲಿ ಬದಿಯ ಸುಂಡೆಕಾಯಿ. ಕಡೆಗೆ ಹಾಕುವ ಎಲೆಗೆ ಕಾಮಕಸ್ತೂರಿ. ಅವರ ಸೋಂಪಿನ ಪರಿಮಳದ ತುಳಸಿಯೂ ನಮ್ಮ ಕಾಮಕಸ್ತೂರಿಯೂ ಒಂದೇ ಜಾತಿಯ ಗಿಡ. ಬೇರೆ ಕೆಲವು ಪದಾರ್ಥಕ್ಕೆ ಅಲ್ಲಿ ತುಳಸಿಯನ್ನೇ ಹುರಿದು ಹಾಕುತ್ತಾರೆ. ನಮ್ಮನೆಯಲ್ಲಿ ಆ ಮಾತೇ ಎತ್ತಲಿಲ್ಲ. ಕಟ್ಟೆಯ ತುಳಸಿ ಬಾಣಲೆಗೆ ಬಿದ್ದರೆ ಅಮ್ಮ ಸುಮ್ಮನಿರುತ್ತಾರಾ? ನನಗೂ ಮನಸ್ಸು ಬರುವುದಿಲ್ಲ. ತಾಳೆಬೆಲ್ಲದ ಬದಲು ಜೋನಿಬೆಲ್ಲ. ಅದನ್ನು ಯಾವ ಹಂತದಲ್ಲಿ ಹಾಕುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಥುವಾ ನಾವ್ ಬದಲಿಗೆ ಹಾಕುವ ವಸ್ತುವನ್ನೂ ಹೇಳುವುದಿಲ್ಲ. ಅದು ಸಿಗಲು ಒಂದು ಮಳೆಗಾಲವೇ ಬೇಕಾಯಿತು. ಶಿರಸಿ ಸೀಮೆಯ ಯಾವ ಮನೆಯ ಅಟ್ಟದಲ್ಲಾದರೂ ಭರಣಿಯಲ್ಲಿರುತ್ತದೆ, ಇಷ್ಟು ಸಾಕು. ಸುಟ್ಟೇ ಹಾಕಬೇಕು.

ನಡುವೆ ಬೇರೆ ಪ್ರಯೋಗಗಳೂ ಆದವು. ಹಸಿರು ಮಸಾಲೆಯನ್ನು ಪತ್ರೊಡೆ ಹಿಟ್ಟಿಗೆ ಬೆರೆಸಿದೆ. ಕೆಸುವಿನ ಎಲೆ ಮುಂದೆ ಮಸಾಲೆಯ ಪರಿಮಳ ನಿಲ್ಲಲಿಲ್ಲ, ಬಿಟ್ಟೆ. ಹಸಿ ಪಪ್ಪಾಯಿ ಜಜ್ಜಿ ಮಾಡುವ ಕೋಸಂಬರಿಯಂಥ ಸೋಮ್ ತಮ್ ಮಾತ್ರ ಗೆದ್ದಿತು. ಮೀನಿನ ಸಾಸ್ ಬದಲು ಅಪ್ಪೆಮಿಡಿ ನೆನೆದ ಉಪ್ಪುನೀರು ಎರಡು ಚಮಚ, ಹುರಿದ ಶೇಂಗಾ, ಲಿಂಬು. ಪಪ್ಪಾಯಿ ತಿನ್ನದವರೂ ಕೇಳಿ ಹಾಕಿಸಿಕೊಳ್ಳುತ್ತಾರೆ. ಖನೋಮ್ ಖ್ರೋಕ್ ಅಂತ ಅಕ್ಕಿಹಿಟ್ಟು, ಕಾಯಿಹಾಲಿನ ಸಣ್ಣ ಸಿಹಿ ತಿಂಡಿ ಇದೆ. ಕುಳಿ ಇರುವ ಬಾಣಲೆಯಲ್ಲಿ ಮಾಡುತ್ತಾರೆ. ನಮ್ಮ ಪಡ್ಡಿನ ಕಾವಲಿಯಲ್ಲಿ ಮೊದಲ ದಿನವೇ ಸರಿ ಬಂತು. ಮಗುಚಿ ಹಾಕಬಾರದು ಅಷ್ಟೇ, ಮೇಲೆ ಕೆನೆ ಹಾಗೇ ಮೆತ್ತಗಿರಬೇಕು. ಅಮ್ಮನಿಗೆ ಬೆಳ್ಳುಳ್ಳಿ, ಈರುಳ್ಳಿ ಬಿಟ್ಟು ಜೇ ಲೆಕ್ಕದ ಕರಿಯನ್ನೂ ಮಾಡಿದೆ. ದುಂಪರಾಸ್ಮೆ ಸ್ವಲ್ಪ ಜಾಸ್ತಿ ಹಾಕಿದರೆ ಕೊರತೆ ಕಾಣುವುದಿಲ್ಲ.

ನಾಲ್ಕು ಜನಕ್ಕೆ ಸರಿ ಬಂದದ್ದು ಮೂವತ್ತು ಜನಕ್ಕೆ ಬರಲು ತುಂಬ ಸಮಯ ಹಿಡಿಯಿತು. ಸಣ್ಣ ಒರಳಿನಲ್ಲಿ ಕುಟ್ಟುತ್ತ ಕೂತರೆ ಬೆಳಗ್ಗಿಂದ ಸಂಜೆ. ಭಟ್ಟರು, ಮಿಕ್ಸರಿಗೇ ಹಾಕು, ತಿನ್ನುವವರಿಗೆ ಎಂತ ಗೊತ್ತಾಗ್ತು ಅಂದರು. ಗೊತ್ತಾಗುತ್ತದೆ. ಆಗ ಕಣ್ಣಿಗೆ ಬಿದ್ದದ್ದು ಹಿಂದಿನ ಜಗುಲಿಯಲ್ಲಿ ಹೂತಿಟ್ಟ ಭತ್ತದ ಒರಳು. ಅಜ್ಜನ ಕಾಲದ್ದು, ಬಳಕೆ ಬಿಟ್ಟು ಎಷ್ಟೋ ವರ್ಷ. ಉಪ್ಪು, ತೌಡು ಹಾಕಿ ಕುಟ್ಟಿ ಕುಟ್ಟಿ ತೊಳೆದೆವು. ಹಳೆಯ ಒನಕೆಯ ತುದಿಗೆ ಕಬ್ಬಿಣದ ಬಳೆ ಇತ್ತು. ಮಸಾಲೆ ಕಪ್ಪು ತಿರುಗಿತು. ಆಚಾರಿ ಹತ್ತಿರ ಬಳೆ ಇಲ್ಲದ, ಬುಡ ಸ್ವಲ್ಪ ದಪ್ಪಗಿರುವ ಎರಡು ಒನಕೆ ಮಾಡಿಸಿದೆ. ಒಂದಕ್ಕೆ ಆರುನೂರು ಕೊಟ್ಟಿರಬೇಕು. ಎದುರುಬದುರು ನಿಂತು ಇಬ್ಬರು ಹಾಕಿದರೆ ಮೂವತ್ತು ಜನರ ಮಸಾಲೆ ಮುಕ್ಕಾಲು ತಾಸಿನಲ್ಲಿ ಇಳಿಯುತ್ತದೆ. ಬೆರಳಲ್ಲಿ ಉಜ್ಜಿ ನೋಡಿ, ಒಂದು ಎಳೆ ಸಿಗುವುದಿಲ್ಲ. ಮೊದಲ ದೊಡ್ಡ ತಂಡದ ದಿನ ಇನ್ನೊಂದು ಒನಕೆ ಹಿಡಿದವರು ಭಾವನೇ. ಭಟ್ಟರು ಉಂಡು, ಅಳತೆ ಬರೆದುಕೊಡು ಅಂದರು. ಇನ್ನೂ ಕೊಟ್ಟಿಲ್ಲ.

ಮೂವತ್ತು ಜನಕ್ಕೆ ಕಾಯಿ ಹದಿನಾಲ್ಕು ಹದಿನೈದು ಬೇಕು. ಮನೆಯದೇ ಆದರೂ ಮಾರಿದರೆ ಸಿಗುವ ಬೆಲೆ ಹಿಡಿದೇ ಲೆಕ್ಕ ಹಾಕುತ್ತೇನೆ. ತರಕಾರಿ, ಅಕ್ಕಿ, ಕುಟ್ಟುವವರ ಕೂಲಿ ಎಲ್ಲ ಸೇರಿ ಒಂದು ಊಟಕ್ಕೆ 120 ರೂಪಾಯಿ ಒಳಗೆ ಬೀಳುತ್ತದೆ. ನಾನು 350 ತೆಗೆದುಕೊಳ್ಳುತ್ತೇನೆ. ಹೋಗಿ ಬಂದ ಖರ್ಚು ಎರಡು ಸೀಸನ್ನಿನಲ್ಲಿ ಹುಟ್ಟಿತು. ಉಳಿದ ಮಸಾಲೆ ಫ್ರಿಜ್ಜಿನಲ್ಲಿ ಎಂಟು ಹತ್ತು ದಿನ ಬರುತ್ತದೆ. ಫ್ರೀಜರಿನಲ್ಲಿ ಎರಡು ತಿಂಗಳು. ಆದರೆ ಆಷಾಢದಲ್ಲಿ ದಿನಗಟ್ಟಲೆ ಕರೆಂಟು ಹೋದಾಗ ಒಮ್ಮೆ ಎಲ್ಲ ಹಾಳಾಯಿತು. ಮಳೆಗಾಲದಲ್ಲಿ ಅವತ್ತಿಂದವತ್ತಿಗೆ ಕುಟ್ಟುವುದೇ ಸರಿ.

ದುಂಪರಾಸ್ಮೆ ಗಡ್ಡೆ ಈಗ ಹಂಚುವಷ್ಟು ಆಗಿದೆ. ಬೇಕಾದ ಗೆಳೆಯರು ಮಿರ್ಗ (ಮೃಗಶಿರ) ಮಳೆ ಹಿಡಿಯುವ ಮೊದಲು ಬನ್ನಿ, ಅಗೆದುಕೊಂಡು ಹೋಗಿ. ಚಿಗುರು ಮೊಳಕೆ ಇರುವ ತುಂಡೇ ಆರಿಸಿ, ನೀರು ನಿಲ್ಲದ ಕಡೆ ನೆಡಿ. ಚೀಲ, ಪಿಕಾಸಿ ನೀವೇ ತನ್ನಿ.